ಬೆಳೆದ ಕೂದಲು ಎಲ್ಲಿಗೆ ಹೋಗುತ್ತದೆ? ಗುಂಗುರು ಕೂದಲಿನವರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಕಣ ಪೂರ್ತಿ ಗುಂಗುರು ಕೂದಲಿನವರಿಗೆ. ಅಲೆಗೂದಲು, ಸುರುಳಿ ಕೂದಲು, ಬಿಗಿಯಾಗಿ ಸುತ್ತಿಕೊಂಡು ಬುಡದಲ್ಲೇ ಕೂರುವ ಕೂದಲು, ಹೀಗೆ ಬೇರೆ ಬೇರೆ ಥರದ ಕೂದಲಿನವರು ಬರೆದಿದ್ದಾರೆ. ಆದರೆ ಎಲ್ಲರ ಅಳಲೂ ಹೆಚ್ಚುಕಮ್ಮಿ ಒಂದೇ: ಉದ್ದ ಆಗೋದಿಲ್ಲ. ಹೆಸರು ಹಾಕಬೇಡಿ ಅಂತ ಹಲವರು ಕೇಳಿಕೊಂಡಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನನಗೀಗ 24 ವರ್ಷ. ಕಾಲೇಜು ಸೇರಿದಾಗ ನನ್ನ ಕೂದಲು ಭುಜದವರೆಗೆ ಇತ್ತು, ಈಗಲೂ ಅಲ್ಲೇ ನಿಂತಿದೆ. ಕತ್ತರಿಸಿಲ್ಲ, ಬಣ್ಣ ಹಾಕಿಲ್ಲ. ತಂಗಿಯದು ನೇರ ಕೂದಲು, ಸೊಂಟ ಮುಟ್ಟಿದೆ. ನನ್ನ ಕೂದಲಿಗೆ ಬೆಳೆಯುವ ಶಕ್ತಿಯೇ ಇಲ್ಲವಾ?

ಉತ್ತರ: ಇದೆ. ಅದರಲ್ಲಿ ಅನುಮಾನ ಬೇಡ. ತಲೆಗೂದಲು ಸಾಮಾನ್ಯವಾಗಿ ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ವರ್ಷಕ್ಕೆ 12ರಿಂದ 15 ಸೆಂಟಿಮೀಟರ್ ಬೆಳೆಯುತ್ತದೆ. ತುಂಬಾ ಬಿಗಿ ಸುರುಳಿಯ ಕೂದಲು ಸರಾಸರಿಯಲ್ಲಿ ಇದಕ್ಕಿಂತ ನಿಧಾನ, ವರ್ಷಕ್ಕೆ 9–10 ಸೆಂಟಿಮೀಟರ್. ಆ ಲೆಕ್ಕ ಹಿಡಿದರೂ ನೀವು ಕಾಲೇಜು ಸೇರಿದಾಗಿನಿಂದ ಇಲ್ಲಿವರೆಗೆ ನಿಮ್ಮ ನೆತ್ತಿಯಿಂದ ಅರ್ಧ ಮೀಟರಿನಷ್ಟು ಕೂದಲು ಹೊರಗೆ ಬಂದಿದೆ. ಬಂದದ್ದು ಉಳಿದಿಲ್ಲ, ಅಷ್ಟೆ. ಮೇಲೆ ಎಷ್ಟು ಬೆಳೆಯಿತೋ ಹತ್ತಿರಹತ್ತಿರ ಅಷ್ಟೇ ಕೆಳಗೆ ತುಂಡಾಗಿ ಹೋಗಿದೆ.

ಇದನ್ನು ನೀವೇ ನೋಡಿ ಖಾತ್ರಿ ಮಾಡಿಕೊಳ್ಳಬಹುದು. ಬಾಚುವಾಗ ಬಿದ್ದ ಕೂದಲನ್ನು ಬಿಳಿ ಕಾಗದದ ಮೇಲೆ ಹರಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಬಟು ಇದ್ದರೆ ಅದು ಬುಡದಿಂದ ಉದುರಿದ ಕೂದಲು. ದಿನಕ್ಕೆ 50ರಿಂದ 100 ಕೂದಲು ಹಾಗೆ ಉದುರುವುದು ಸಹಜ. ಗುಬಟಿಲ್ಲದ ಗಿಡ್ಡ ಗಿಡ್ಡ ತುಂಡುಗಳೇ ಜಾಸ್ತಿ ಇದ್ದರೆ ಅದು ಮುರಿದ ಕೂದಲು. ಉದುರುವುದಕ್ಕೆ ಮದ್ದು ಬೇರೆ, ಮುರಿಯುವುದಕ್ಕೆ ಮದ್ದು ಬೇರೆ. ಎರಡನ್ನೂ ಒಂದೇ ಅಂದುಕೊಂಡು ಜನ ವರ್ಷಗಟ್ಟಲೆ ತಪ್ಪು ಮದ್ದಿಗೆ ದುಡ್ಡು ಸುರಿಯುತ್ತಾರೆ. ನನಗೆ ಇದನ್ನು ನೋಡಿದರೆ ನಿಜಕ್ಕೂ ಸಂಕಟ ಆಗುತ್ತದೆ.

ಗುಂಗುರು ಕೂದಲು ಯಾಕೆ ಜಾಸ್ತಿ ಮುರಿಯುತ್ತದೆ ಅಂದರೆ, ಅದರ ಆಕಾರವೇ ಹಾಗಿದೆ. ನೇರ ಕೂದಲನ್ನು ಅಡ್ಡ ಕತ್ತರಿಸಿ ನೋಡಿದರೆ ಹೆಚ್ಚುಕಮ್ಮಿ ದುಂಡಗೆ ಕಾಣುತ್ತದೆ, ಗುಂಗುರು ಕೂದಲು ಚಪ್ಪಟೆ, ಮೊಟ್ಟೆಯಾಕಾರ. ಪ್ರತಿ ತಿರುವಿನಲ್ಲೂ ಅದು ಬಾಗಬೇಕು, ಬಾಗಿದಲ್ಲೆಲ್ಲ ಹೊರಪದರ ಎದ್ದು ಸವೆಯುತ್ತದೆ, ಎಳೆದಾಗ ಮುರಿಯುವುದೂ ಅಲ್ಲೇ. ಜೊತೆಗೆ ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಿನಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ, ಸುರುಳಿಯಲ್ಲಿ ಇಳಿಯುವುದಿಲ್ಲ. ಹಾಗಾಗಿ ನೆತ್ತಿ ಜಿಡ್ಡು, ತುದಿ ಒಣಕಲು. ಇನ್ನೊಂದು ವಿಷಯ: ಹೊರಗೆ ಬಂದ ಕೂದಲಿಗೆ ಜೀವ ಇಲ್ಲ, ಗಾಯ ಆದರೆ ತಾನಾಗಿ ಮಾಯುವುದಿಲ್ಲ. ಭುಜದ ಹತ್ತಿರ ಇರುವ ತುದಿಗೆ ಎರಡು ಮೂರು ವರ್ಷ ವಯಸ್ಸಾಗಿದೆ. ಅಷ್ಟು ದಿನದ ಬಿಸಿಲು, ತಿಕ್ಕಾಟ, ಬಾಚಣಿಗೆ ಎಲ್ಲ ಅದರ ಮೇಲೆ ಆಗಿದೆ. ಸವೆದು ತೆಳುವಾದ ಹಳೇ ಬಟ್ಟೆಯನ್ನು ಎಷ್ಟು ಹಗುರ ಕೈಯಲ್ಲಿ ಒಗೆಯುತ್ತೀರೋ ಆ ತುದಿಯನ್ನೂ ಹಾಗೇ ಮುಟ್ಟಬೇಕು.

ಉದ್ದ ಅಳೆಯುವುದರಲ್ಲೂ ಒಂದು ಮೋಸ ಇದೆ. ಗುಂಗುರು ಕೂದಲು ಒಣಗಿದಾಗ ಕುಗ್ಗುತ್ತದೆ. ಬಿಗಿ ಸುರುಳಿಯಾದರೆ ನಿಜವಾದ ಉದ್ದದ ಅರ್ಧಕ್ಕಿಂತ ಕಡಿಮೆ ಕಾಣಬಹುದು. ಅದಕ್ಕೆ ಒಂದೇ ಜಾಗದ ಒಂದು ಎಳೆಯನ್ನು ಮೆತ್ತಗೆ ಎಳೆದು ಹಿಡಿದು, ಮೂರು ತಿಂಗಳಿಗೊಮ್ಮೆ ಅಳೆಯಿರಿ. ದಿನಾ ಕನ್ನಡಿ ಮುಂದೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಬೇಜಾರು ಮಾತ್ರ ಆಗುತ್ತದೆ. ತಂಗಿಯ ಜೊತೆ ಹೋಲಿಸಿಕೊಳ್ಳುವುದನ್ನಂತೂ ಬಿಟ್ಟುಬಿಡಿ. ಒಂದೊಂದು ಕೂದಲು ಎಷ್ಟು ವರ್ಷ ಬೆಳೆದು ಉದುರಬೇಕು ಅನ್ನುವುದು ಹುಟ್ಟಿನಿಂದಲೇ ಬರುತ್ತದೆ. ಕೆಲವರಿಗೆ 2 ವರ್ಷ, ಕೆಲವರಿಗೆ 6 ವರ್ಷ. ಅಕ್ಕತಂಗಿಯರಲ್ಲೂ ಅದು ಒಂದೇ ಇರಬೇಕು ಅಂತೇನಿಲ್ಲ.

ಪ್ರಶ್ನೆ: ದಿನಾ ಬೆಳಿಗ್ಗೆ ಕೂದಲು ಬಾಚಿದರೆ ಬಾಚಣಿಗೆ ತುಂಬಾ ಕೂದಲು ಬರುತ್ತದೆ. ಒದ್ದೆ ಕೂದಲು ಬಾಚಬಾರದು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ, ಅದಕ್ಕೆ ಪೂರ್ತಿ ಒಣಗಿದ ಮೇಲೇ ಬಾಚುತ್ತೇನೆ. ಎಲ್ಲಿ ತಪ್ಪಾಗುತ್ತಿದೆ?

ಉತ್ತರ: ಆ ಮಾತು ನೇರ ಕೂದಲಿಗೆ ಸರಿ. ನೀರು ಕುಡಿದ ಕೂದಲು ಜಾಸ್ತಿ ಹಿಗ್ಗುತ್ತದೆ, ಜೋರಾಗಿ ಎಳೆದರೆ ಹರಿಯುತ್ತದೆ. ಆದರೆ ಗುಂಗುರು ಕೂದಲಿನ ಕಥೆ ಬೇರೆ. ಒಣಗಿದಾಗ ಸುರುಳಿಗಳು ಒಂದರೊಳಗೊಂದು ಸಿಕ್ಕಿಕೊಂಡು ಕೂತಿರುತ್ತವೆ, ಆಗ ಬಾಚಣಿಗೆ ಎಳೆಯಲು ಬೇಕಾಗುವ ಬಲವೇ ಜಾಸ್ತಿ. ಒದ್ದೆ ಮಾಡಿ ಕಂಡಿಷನರ್ ಹಚ್ಚಿದಾಗ ಸುರುಳಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಹಾಗಾಗಿ ನಿಮ್ಮ ಕೂದಲಿಗೆ ಸಿಕ್ಕು ಬಿಡಿಸುವ ಹೊತ್ತು ಅಂದರೆ ತಲೆ ಸ್ನಾನದ ಹೊತ್ತು, ಕಂಡಿಷನರ್ ಇನ್ನೂ ಕೂದಲಲ್ಲಿ ಇರುವಾಗಲೇ.

ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಉದ್ದ ಉಳಿಯುವುದು ಹೋಗುವುದು ಎಲ್ಲಕ್ಕಿಂತ ಜಾಸ್ತಿ ಇಲ್ಲೇ ನಿರ್ಧಾರ ಆಗುತ್ತದೆ. ಕೂದಲನ್ನು ನಾಲ್ಕು ಭಾಗ ಮಾಡಿ, ದಟ್ಟವಾಗಿದ್ದರೆ ಆರು. ಒಂದನ್ನು ಬಿಟ್ಟು ಉಳಿದವಕ್ಕೆ ಕ್ಲಿಪ್ ಹಾಕಿ. ಆ ಒಂದು ಭಾಗಕ್ಕೆ ಕೈತುಂಬ ಕಂಡಿಷನರ್ ಹಚ್ಚಿ ಮೊದಲು ಬೆರಳಿನಿಂದಲೇ ಸಿಕ್ಕು ಬಿಡಿಸಿ. ಬೆರಳಿಗೆ ಗಂಟು ಎಲ್ಲಿದೆ ಅಂತ ಗೊತ್ತಾಗುತ್ತದೆ, ಬಾಚಣಿಗೆಗೆ ಗೊತ್ತಾಗುವುದಿಲ್ಲ. ಆಮೇಲೆ ಅಗಲ ಹಲ್ಲಿನ ಬಾಚಣಿಗೆ ತಗೊಂಡು ತುದಿಯ ನಾಲ್ಕು ಬೆರಳಿನಷ್ಟು ಜಾಗವನ್ನು ಮಾತ್ರ ಬಾಚಿ, ಅದು ಸಲೀಸಾದ ಮೇಲೆ ಇನ್ನು ಸ್ವಲ್ಪ ಮೇಲಿನಿಂದ, ಹೀಗೆ ಹಂತಹಂತವಾಗಿ ಬುಡದ ಕಡೆಗೆ ಹೋಗಿ. ಬುಡದಿಂದ ಶುರು ಮಾಡಿ ಕೆಳಗೆಳೆದರೆ ಎಲ್ಲ ಸಿಕ್ಕೂ ತುದಿಗೆ ಬಂದು ಒಂದೇ ಗಂಟಾಗುತ್ತದೆ. ಇನ್ನೊಂದು ಕೈಯಲ್ಲಿ ಗಂಟಿನ ಮೇಲ್ಭಾಗದ ಕೂದಲನ್ನು ಬಿಗಿಯಾಗಿ ಹಿಡಿದುಕೊಳ್ಳಿ, ಆಗ ನೆತ್ತಿಗೆ ಎಳೆತ ಬೀಳುವುದಿಲ್ಲ. ಕೆಲವೊಮ್ಮೆ ಒಂದೇ ಎಳೆ ತನ್ನನ್ನೇ ಸುತ್ತಿಕೊಂಡು ಸಣ್ಣ ಗಂಟು ಬಿದ್ದಿರುತ್ತದೆ. ಅದನ್ನು ಬಿಚ್ಚಲು ಹೋಗಬೇಡಿ, ಚೂಪಾದ ಕತ್ತರಿಯಿಂದ ಗಂಟಿನ ಸ್ವಲ್ಪ ಮೇಲೆ ಕತ್ತರಿಸಿಬಿಡಿ.

ಕಂಡಿಷನರ್ ಅಂದರೆ ಸುಮ್ನೆ ಪರಿಮಳ ಅಂದುಕೊಂಡವರು ಇದ್ದಾರೆ. ಹಾಗಲ್ಲ. ಸವೆದ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುತ್ ಅಂಶ ಇರುತ್ತದೆ, ಕಂಡಿಷನರಿನಲ್ಲಿ ಧನ ಅಂಶದ ಪದಾರ್ಥ ಇರುತ್ತದೆ. ಅದು ಸರಿಯಾಗಿ ಸವೆದ ಜಾಗಕ್ಕೇ ಹೋಗಿ ಅಂಟಿಕೊಂಡು ತಿಕ್ಕಾಟ ಕಡಿಮೆ ಮಾಡುತ್ತದೆ. ಗುಂಗುರು ಕೂದಲಿನವರು ಒಂದೇ ಒಂದು ವಸ್ತು ಕೊಳ್ಳಬೇಕು ಅಂದರೆ ನಾನು ಕಂಡಿಷನರ್ ಅಂತಲೇ ಹೇಳುತ್ತೇನೆ. ತೊಳೆದ ಮೇಲೆ ಟವೆಲ್‌ನಲ್ಲಿ ಗಸಗಸ ಉಜ್ಜಬೇಡಿ. ಮೆತ್ತನೆಯ ಹತ್ತಿ ಟೀ ಶರ್ಟಿನಲ್ಲಿ ಹಿಂಡಿ ನೀರು ತೆಗೆಯಿರಿ. ಒದ್ದೆ ಇರುವಾಗಲೇ ಸ್ವಲ್ಪ ಲೀವ್ ಇನ್ ಕಂಡಿಷನರ್ ಹಚ್ಚಿ ಬಿಟ್ಟುಬಿಡಿ. ಉಳಿದ ದಿನಗಳಲ್ಲಿ ಬಾಚಣಿಗೆಯೇ ಬೇಡ, ಸ್ವಲ್ಪ ನೀರು ಚಿಮುಕಿಸಿ ಬೆರಳಾಡಿಸಿದರೆ ಸಾಕು.

ಒಂದು ಮಾತು. ವಾರವಿಡೀ ಬಾಚದೆ ಸ್ನಾನದ ದಿನ ಬಾಚಿದಾಗ ಒಂದು ದೊಡ್ಡ ಉಂಡೆಯಷ್ಟು ಕೂದಲು ಬರುತ್ತದೆ, ಹೆದರಬೇಡಿ. ಅದು ಅಷ್ಟೂ ದಿನ ಉದುರಿ ಸುರುಳಿಯೊಳಗೆ ಸಿಕ್ಕಿಕೊಂಡಿದ್ದ ಕೂದಲು.

ಪ್ರಶ್ನೆ: ಶಾಂಪೂ ಹಾಕಿದರೆ ಕೂದಲು ಒಣಗಿ ಮುರಿಯುತ್ತದೆ ಅಂತ ಕೇಳಿ ತಿಂಗಳಿಗೊಮ್ಮೆ ಮಾತ್ರ ಹಾಕುತ್ತೇನೆ. ನೆತ್ತಿ ವಿಪರೀತ ತುರಿಸುತ್ತದೆ, ಹೊಟ್ಟು ಉದುರುತ್ತದೆ. ಒಣಗಿದೆ ಅಂತ ಎಣ್ಣೆ ಹಚ್ಚಿದರೆ ಇನ್ನೂ ಜಾಸ್ತಿ ಆಗುತ್ತಿದೆ.

ಉತ್ತರ: ಆಗಲೇಬೇಕು. ಹೊಟ್ಟು ಅಂದರೆ ನೆತ್ತಿ ಒಣಗಿದೆ ಅಂತ ಅಲ್ಲ. ಎಲ್ಲರ ನೆತ್ತಿಯ ಮೇಲೂ ಮಲಸೀಜಿಯ ಅನ್ನುವ ಶಿಲೀಂಧ್ರ ಇರುತ್ತದೆ, ಅದು ಜಿಡ್ಡು ತಿಂದು ಬದುಕುತ್ತದೆ. ಕೆಲವರ ಚರ್ಮ ಅದಕ್ಕೆ ಸಿಟ್ಟಾಗಿ ಪುಡಿಪುಡಿ ಉದುರುತ್ತದೆ. ಅದರ ಮೇಲೆ ನೀವು ಎಣ್ಣೆ ಸುರಿದರೆ ಅದಕ್ಕೆ ಊಟ ಹಾಕಿದ ಹಾಗೆ. ಮೊದಲು ನೆತ್ತಿಗೆ ಎಣ್ಣೆ ನಿಲ್ಲಿಸಿ. ಕೀಟೊಕೊನಜೋಲ್ ಅಥವಾ ಜಿಂಕ್ ಪೈರಿಥಿಯೋನ್ ಇರುವ ಶಾಂಪೂ ತಗೊಂಡು, ಅದನ್ನು ನೆತ್ತಿಗೆ ಮಾತ್ರ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಉದ್ದಕ್ಕೆ, ತುದಿಗೆ ಅದನ್ನು ಉಜ್ಜಬೇಡಿ, ಕಂಡಿಷನರ್ ಹಚ್ಚಿ. ಒಂದು ತಿಂಗಳಲ್ಲಿ ಕಡಿಮೆ ಆಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಎಷ್ಟು ದಿನಕ್ಕೊಮ್ಮೆ ಅಂದರೆ, ಬಿಗಿ ಸುರುಳಿಗೆ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ, ಅಲೆಗೂದಲಿಗೆ ವಾರಕ್ಕೆ ಎರಡು ಸಲವೂ ಆಗಬಹುದು. ಬೆವರು ಜಾಸ್ತಿ ಇದ್ದರೆ ಇನ್ನೊಂದು ಸಲ. ಶಾಂಪೂ ನೆತ್ತಿಗೆ, ಕಂಡಿಷನರ್ ಕೂದಲಿಗೆ. ಇಷ್ಟು ನೆನಪಿದ್ದರೆ ಮುಕ್ಕಾಲು ಕೆಲಸ ಆಯಿತು. ಸಲ್ಫೇಟ್, ಅಂದರೆ ಜಿಡ್ಡನ್ನು ಜೋರಾಗಿ ತೊಳೆಯುವ ಪದಾರ್ಥ, ಇರುವ ಶಾಂಪೂ ಎಲ್ಲವೂ ಕೆಟ್ಟದ್ದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತುದಿ ತುಂಬಾ ಒಣಗಿದ್ದವರಿಗೆ ಮೆದು ಶಾಂಪೂ ಒಳ್ಳೆಯದು ನಿಜ, ಆದರೆ ಜೆಲ್ಲು, ಕ್ರೀಮು, ಎಣ್ಣೆ ಎಲ್ಲ ಪದರಪದರವಾಗಿ ಕೂತಿದ್ದಾಗ ಆಗೊಮ್ಮೆ ಈಗೊಮ್ಮೆ ಜೋರಾದ ಶಾಂಪೂನೇ ಬೇಕಾಗುತ್ತದೆ. ಅಡುಗೆ ಸೋಡಾದಲ್ಲಿ ತಲೆ ತೊಳೆಯುವವರು ದಯವಿಟ್ಟು ಇಂದೇ ನಿಲ್ಲಿಸಿ. ಅದು ಕ್ಷಾರ, ಕೂದಲಿನ ಹೊರಪದರ ಏಳುವಂತೆ ಮಾಡುತ್ತದೆ.

ಪ್ರಶ್ನೆ: ಯಾವ ಎಣ್ಣೆ ಹಚ್ಚಿದರೆ ಕೂದಲು ಬೇಗ ಉದ್ದ ಬೆಳೆಯುತ್ತದೆ? ರೋಸ್‌ಮೇರಿ ಎಣ್ಣೆ ನಿಜವಾಗಿ ಕೆಲಸ ಮಾಡುತ್ತದಾ?

ಉತ್ತರ: ಬೆಳೆಯುವ ವೇಗ ಹೆಚ್ಚಿಸುವ ಎಣ್ಣೆ ಅಂತ ಯಾವುದೂ ಇಲ್ಲ. ಆದರೆ ಮುರಿಯುವುದನ್ನು ಕಡಿಮೆ ಮಾಡುವ ಎಣ್ಣೆ ಇದೆ, ಅದು ತೆಂಗಿನೆಣ್ಣೆ. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರವಾದದ್ದು, ಹಾಗಾಗಿ ಕೂದಲಿನ ಒಳಗೆ ಇಳಿಯುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿ ನೋಡಿದ್ದರು. ಕೂದಲಿನ ಪ್ರೋಟೀನ್ ನಷ್ಟ ತಡೆದದ್ದು ತೆಂಗಿನೆಣ್ಣೆ ಒಂದೇ. ಹಚ್ಚಬೇಕಾದ್ದು ತಲೆ ಸ್ನಾನಕ್ಕೆ ಕೆಲವು ಗಂಟೆ ಮೊದಲು, ನೆತ್ತಿಗಿಂತ ಜಾಸ್ತಿ ಕೂದಲಿನ ಉದ್ದಕ್ಕೆ, ತುದಿಗೆ. ತೊಳೆಯುವಾಗ ಕೂದಲು ನೀರು ಕುಡಿದು ಉಬ್ಬುವುದನ್ನು ಅದು ಕಡಿಮೆ ಮಾಡುತ್ತದೆ. ಹರಳೆಣ್ಣೆ ದಪ್ಪ, ಮೇಲೆ ಕೂತು ಹೊಳಪು ಕೊಡುತ್ತದೆ. ಬೆಳೆಸುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಕೆಲವರಿಗೆ ತೆಂಗಿನೆಣ್ಣೆ ಹಚ್ಚಿದರೆ ಕೂದಲು ಗಡುಸಾಗುತ್ತದೆ. ಆಗ ಬಿಟ್ಟುಬಿಡಿ, ಅದು ಕಡ್ಡಾಯ ಏನಲ್ಲ.

ರೋಸ್‌ಮೇರಿ ಬಗ್ಗೆ ಎಲ್ಲರೂ ಎತ್ತಿ ಹೇಳುವುದು 2015ರ ಒಂದು ಅಧ್ಯಯನ. 100 ಜನರ ಮೇಲೆ, 6 ತಿಂಗಳು, ಬೋಳುತನಕ್ಕೆ ನೆತ್ತಿಗೆ ಹಚ್ಚುವ ಔಷಧವಾದ 2 ಶೇಕಡಾ ಮಿನಾಕ್ಸಿಡಿಲ್ ಜೊತೆ ಹೋಲಿಸಿ ಮಾಡಿದ್ದು. ಎರಡರಲ್ಲೂ ಫಲ ಹೆಚ್ಚುಕಮ್ಮಿ ಒಂದೇ ಬಂತು. ಆದರೆ ಅವರೆಲ್ಲ ವಂಶಪಾರಂಪರ್ಯ ಬೋಳುತನ ಇದ್ದವರು. ತುದಿ ಮುರಿಯುತ್ತಿರುವ ನಿಮಗೆ ಆ ಫಲ ಅನ್ವಯ ಆಗುವುದಿಲ್ಲ ಅಲ್ವಾ? ಹಚ್ಚಲೇಬೇಕು ಅನಿಸಿದರೆ ಬೇರೆ ಎಣ್ಣೆಯಲ್ಲಿ ಕೆಲವೇ ಹನಿ ಬೆರೆಸಿ ಹಚ್ಚಿ, ನೇರವಾಗಿ ಹಚ್ಚಿದರೆ ನೆತ್ತಿ ಉರಿಯುತ್ತದೆ.

ಪ್ರಶ್ನೆ: ಬಯೋಟಿನ್ ಮಾತ್ರೆ ತಗೊಳ್ಳಲಾ?

ಉತ್ತರ: ಬಯೋಟಿನ್ ಅಂದರೆ ಬಿ ಗುಂಪಿನ ಒಂದು ವಿಟಮಿನ್. ಕೊರತೆ ಇದ್ದರೆ ಮಾತ್ರ ತಗೊಳ್ಳಿ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 30 ಮೈಕ್ರೋಗ್ರಾಂ, ಸಾಮಾನ್ಯ ಊಟದಲ್ಲೇ ಸಿಗುತ್ತದೆ. ಕೂದಲಿಗೆ ಅಂತ ಮಾರುವ ಮಾತ್ರೆಗಳಲ್ಲಿ 5,000 ಅಥವಾ 10,000 ಮೈಕ್ರೋಗ್ರಾಂ ಇರುತ್ತದೆ. ಅಷ್ಟು ಬಯೋಟಿನ್ ದೇಹದಲ್ಲಿ ಇದ್ದಾಗ ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೋನಿನ್ ಪರೀಕ್ಷೆ ಇವುಗಳ ಫಲಿತಾಂಶ ತಪ್ಪಾಗಿ ಬರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಈಗಾಗಲೇ ತಗೊಳ್ಳುತ್ತಿದ್ದರೆ ರಕ್ತ ಪರೀಕ್ಷೆಗೆ ಮೊದಲು ಡಾಕ್ಟರಿಗೆ ಮರೆಯದೆ ಹೇಳಿ. ಬುಡದಿಂದಲೇ ಉದುರುತ್ತಿದ್ದರೆ ಮಾತ್ರೆ ಹುಡುಕುವ ಬದಲು ಕಬ್ಬಿಣಾಂಶ, ಅಂದರೆ ಫೆರಿಟಿನ್, ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಊಟದಲ್ಲಿ ಪ್ರೋಟೀನ್ ಸಾಕಷ್ಟಿದೆಯಾ ನೋಡಿಕೊಳ್ಳಿ, ಕೂದಲು ಆಗಿರುವುದೇ ಪ್ರೋಟೀನಿನಿಂದ.

ಪ್ರಶ್ನೆ: ನನ್ನ ಮಗಳಿಗೆ 7 ವರ್ಷ. ತುಂಬಾ ಗುಂಗುರು. ಬಾಚಲು ಕೂತರೆ ಅಳುತ್ತಾಳೆ. ಶಾಲೆಗೆ ಹೋಗುವಾಗ ಕೆದರಬಾರದು ಅಂತ ಬಿಗಿಯಾಗಿ ಎರಡು ಜಡೆ ಹಾಕುತ್ತೇನೆ. ಈಚೆಗೆ ಹಣೆಯ ಅಂಚಿನಲ್ಲಿ, ಕಿವಿಯ ಮುಂದೆ ಕೂದಲು ತೆಳುವಾಗಿದೆ. ದಿನಾ ಎಣ್ಣೆ ಹಚ್ಚಿದರೆ ಬರುತ್ತದಾ?

ಉತ್ತರ: ತಾಯಿ, ಇದನ್ನು ಓದಿದ ತಕ್ಷಣ ಉತ್ತರ ಬರೆಯಬೇಕು ಅನಿಸಿತು. ಅದು ಎಳೆತದಿಂದ ಆಗಿರುವ ಸಾಧ್ಯತೆಯೇ ಜಾಸ್ತಿ. ಕೂದಲನ್ನು ದಿನಾ ಒಂದೇ ದಿಕ್ಕಿಗೆ ಬಿಗಿಯಾಗಿ ಎಳೆದು ಕಟ್ಟಿದರೆ ಬುಡ ಸಡಿಲ ಆಗುತ್ತದೆ, ಮೊದಲು ಹೋಗುವುದು ಹಣೆಯ ಅಂಚು ಮತ್ತು ಕಿವಿಯ ಮುಂದಿನ ಕೂದಲು. ಶುರುವಿನಲ್ಲೇ ಎಳೆತ ನಿಲ್ಲಿಸಿದರೆ ಪೂರ್ತಿ ವಾಪಸ್ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬುಡವೇ ಕಲೆಗಟ್ಟಿ ಮುಚ್ಚಿಹೋಗುತ್ತದೆ, ಆಮೇಲೆ ಯಾವ ಮದ್ದಿಗೂ ಬರುವುದಿಲ್ಲ. ಹಾಗಾಗಿ ಇವತ್ತೇ ಜಡೆ ಸಡಿಲ ಮಾಡಿ. ಎಣ್ಣೆ ಇದಕ್ಕೆ ಪರಿಹಾರ ಅಲ್ಲ.

ಬಿಗಿ ಆಗಿದೆ ಅಂತ ಗೊತ್ತಾಗುವುದು ಹೇಗೆ? ಜಡೆ ಹಾಕಿದ ಮೇಲೆ ಅವಳು ಹುಬ್ಬು ಎತ್ತಿದಾಗ ನೋವು ಅಂದರೆ, ಬೈತಲೆಯ ಪಕ್ಕ ಚರ್ಮ ಎದ್ದು ಸಣ್ಣ ಗುಳ್ಳೆ ಕಂಡರೆ, ರಾತ್ರಿ ಬಿಚ್ಚಿದಾಗ ಬುಡ ಮುಟ್ಟಿದರೆ ನೋವು ಅಂದರೆ, ಅದು ಬಿಗಿ. ಮಗು ನೋವು ಅಂದರೆ ನಂಬಿ. ಹಟ ಮಾಡುತ್ತಿದ್ದಾಳೆ ಅಂತ ಗದರಬೇಡಿ. ತೆಳು ರಬ್ಬರ್ ಬ್ಯಾಂಡ್ ಬದಲು ಬಟ್ಟೆ ಸುತ್ತಿದ ಬ್ಯಾಂಡ್ ಬಳಸಿ. ಬೈತಲೆಯ ಜಾಗ ಬದಲಿಸುತ್ತಿರಿ. ಮುಂದಿನ ಸಣ್ಣ ಕೂದಲನ್ನು ಜಡೆಗೆ ಸೇರಿಸದೆ ಬಿಟ್ಟುಬಿಡಿ. ಎರಡು ಬಿಗಿ ಜಡೆಗಿಂತ ನಾಲ್ಕು ಸಡಿಲ ಜಡೆ ವಾಸಿ, ಅದನ್ನು ಎರಡು ಮೂರು ದಿನ ಬಿಚ್ಚದೇ ಇಡಬಹುದು, ಹಾಗಾಗಿ ದಿನಾ ಬಾಚುವ ಗಲಾಟೆಯೂ ಇರುವುದಿಲ್ಲ.

ದೊಡ್ಡವರಿಗೂ ಇದೇ ಮಾತು. ತಿಂಗಳುಗಟ್ಟಲೆ ಇರುವ ಸಣ್ಣ ಸಣ್ಣ ಜಡೆ, ಕೃತಕ ಕೂದಲು ಸೇರಿಸಿ ಹೆಣೆಯುವುದು ಇವೆಲ್ಲ ತುದಿಗಳನ್ನು ಕಾಪಾಡುತ್ತವೆ ನಿಜ, ಉದ್ದ ಉಳಿಸಿಕೊಳ್ಳಲು ಒಳ್ಳೆಯ ದಾರಿಯೂ ಹೌದು. ಆದರೆ ಭಾರ ಜಾಸ್ತಿ ಇರಬಾರದು, ಎರಡು ತಿಂಗಳೊಳಗೆ ಬಿಚ್ಚಬೇಕು, ಬಿಚ್ಚಿದ ಮೇಲೆ ನೆತ್ತಿಗೆ ಕೆಲವು ವಾರ ಬಿಡುವು ಕೊಡಬೇಕು. ಮಗಳಿಗೆ ಎಳೆತ ನಿಲ್ಲಿಸಿ ಮೂರು ತಿಂಗಳಾದರೂ ಸಣ್ಣ ಹೊಸ ಕೂದಲು ಕಾಣದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ದುಂಡಗೆ ನುಣ್ಣಗೆ ಬೋಳಾದರೆ, ಹೊಟ್ಟು, ಕೀವು ಕಂಡರೆ ಅಷ್ಟು ಕಾಯುವುದೂ ಬೇಡ.

ಪ್ರಶ್ನೆ: ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತದೆ ಅಂತ ತಿಂಗಳಿಗೊಮ್ಮೆ ಟ್ರಿಮ್ ಮಾಡಿಸುತ್ತೇನೆ. ಉದ್ದ ಹಾಗೇ ಇದೆ.

ಉತ್ತರ: ತಿಂಗಳಿಗೆ ಬೆಳೆಯುವುದು ಒಂದು ಸೆಂಟಿಮೀಟರ್, ಕತ್ತರಿಸುವುದೂ ಒಂದು ಸೆಂಟಿಮೀಟರ್. ಇನ್ನೆಲ್ಲಿ ಉದ್ದ ಆಗಬೇಕು! ಬೆಳೆಯುವುದು ಬುಡದಲ್ಲಿ, ತುದಿಯಲ್ಲಿ ಏನಾಯಿತು ಅಂತ ಬುಡಕ್ಕೆ ಗೊತ್ತೇ ಆಗುವುದಿಲ್ಲ. ಹಾಗಂತ ವರ್ಷಗಟ್ಟಲೆ ಕತ್ತರಿಯೇ ಮುಟ್ಟಿಸದೆ ಇರುವುದೂ ಬೇಡ. ಸೀಳಿದ ತುದಿ ಮೇಲಕ್ಕೆ ಸೀಳುತ್ತಾ ಹೋಗುತ್ತದೆ, ಪಕ್ಕದ ಎಳೆಗಳಿಗೆ ಸಿಕ್ಕಿಕೊಂಡು ಅವನ್ನೂ ಹಾಳು ಮಾಡುತ್ತದೆ. ತುದಿ ಎರಡಾಗಿ ಕಾಣುವಾಗ, ಅಥವಾ ಎಳೆಯ ಮಧ್ಯದಲ್ಲಿ ಸಣ್ಣ ಬಿಳಿ ಚುಕ್ಕೆ ಕಾಣುವಾಗ, ಅದರ ಸ್ವಲ್ಪ ಮೇಲೆ ಕತ್ತರಿಸಿ. ಹೆಚ್ಚಿನವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಸಾಕು.

ಪ್ರಶ್ನೆ: ನನ್ನದು 3ಬಿ ಕೂದಲಂತೆ. ಲೋಟದ ನೀರಿಗೆ ಒಂದು ಕೂದಲು ಹಾಕಿ ನೋಡಿದೆ, ಮುಳುಗಲಿಲ್ಲ. ಅದಕ್ಕೆ ಯಾವ ಕ್ರೀಮು ತಗೊಳ್ಳಬೇಕು?

ಉತ್ತರ: ಕೂದಲು ಎಷ್ಟು ನೀರು ಹೀರುತ್ತದೆ ಅಂತ ತಿಳಿಯಲು ಮಾಡುವ ಈ ಲೋಟದ ಪರೀಕ್ಷೆಯನ್ನು ಮರೆತುಬಿಡಿ. ಕೂದಲ ಮೇಲೆ ಸ್ವಲ್ಪ ಎಣ್ಣೆ ಇದ್ದರೂ ತೇಲುತ್ತದೆ, ತೇಲಿದ್ದರಿಂದ ಏನೂ ಗೊತ್ತಾಗುವುದಿಲ್ಲ. ಈ 3ಬಿ, 4ಎ ಅನ್ನುವ ಹೆಸರುಗಳು ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರಿ ಅವರ ಕೇಶ ವಿನ್ಯಾಸಕರಾಗಿದ್ದ ಆಂಡ್ರೆ ವಾಕರ್ ಅವರು 1990ರ ದಶಕದಲ್ಲಿ ಮಾಡಿದ ವಿಂಗಡಣೆಯಿಂದ ಬಂದವು. ಸುರುಳಿ ಎಷ್ಟು ಬಿಗಿ ಅಂತ ಹೇಳಲು ಅದು ಅನುಕೂಲ, ಅಷ್ಟೇ. ಒಂದೇ ತಲೆಯಲ್ಲಿ ಮೂರು ಥರದ ಸುರುಳಿ ಇರುವುದೂ ಸಾಮಾನ್ಯ. ಅದಕ್ಕಿಂತ ಮುಖ್ಯ ನಿಮ್ಮ ಎಳೆ ಸಣ್ಣದೋ ದಪ್ಪವೋ ಅನ್ನುವುದು. ಒಂದು ಕೂದಲನ್ನು ಎರಡು ಬೆರಳ ನಡುವೆ ಹೊರಳಿಸಿ. ಏನೂ ಇಲ್ಲದ ಹಾಗೆ ಅನಿಸಿದರೆ ಸಣ್ಣ ಎಳೆ, ಅದಕ್ಕೆ ತೆಳುವಾದ ಲೋಷನ್ ಸಾಕು, ದಪ್ಪ ಕ್ರೀಮು ಹಚ್ಚಿದರೆ ಜೋತುಬೀಳುತ್ತದೆ. ದಾರದ ಹಾಗೆ ಕೈಗೆ ಸಿಕ್ಕರೆ ದಪ್ಪ ಎಳೆ, ಅದು ಕ್ರೀಮು ತಡೆದುಕೊಳ್ಳುತ್ತದೆ. ಬಣ್ಣ ಹಾಕಿಸಿದ್ದರೆ, ಒದ್ದೆ ಕೂದಲು ಎಳೆದಾಗ ಹಿಗ್ಗುತ್ತಾ ಹೋಗಿ ಹರಿದರೆ, ತಿಂಗಳಿಗೊಮ್ಮೆ ಪ್ರೋಟೀನ್ ಇರುವ ಮಾಸ್ಕ್ ಹಾಕಿ. ಪ್ರತಿ ವಾರ ಬೇಡ, ಜಾಸ್ತಿ ಆದರೆ ಕೂದಲು ಗಡುಸಾಗಿ ಮತ್ತೆ ಮುರಿಯುತ್ತದೆ.

ಪ್ರಶ್ನೆ: ಸ್ಟ್ರೇಟ್ನಿಂಗ್ ಮಾಡಿಸಿಬಿಟ್ಟರೆ ಸಿಕ್ಕೇ ಆಗುವುದಿಲ್ಲ, ಆಗ ತಾನಾಗಿ ಉದ್ದ ಬರುತ್ತದೆ ಅಂತ ಪಾರ್ಲರಿನವರು ಹೇಳುತ್ತಾರೆ. ಮಾಡಿಸಲಾ?

ಉತ್ತರ: ಉದ್ದ ಬೇಕು ಅನ್ನುವ ಕಾರಣಕ್ಕಾದರೆ ಬೇಡ. ಶಾಶ್ವತ ಸ್ಟ್ರೇಟ್ನಿಂಗ್ ಅಂದರೆ ಕೂದಲಿಗೆ ಬಲ ಕೊಡುವ ಗಂಧಕದ ಬೆಸುಗೆಗಳನ್ನೇ ಒಡೆದು, ನೇರ ಮಾಡಿ ಮತ್ತೆ ಕೂಡಿಸುವುದು. ಎಲ್ಲವೂ ಮತ್ತೆ ಕೂಡುವುದಿಲ್ಲ. ಮೊದಲ ಕೆಲವು ತಿಂಗಳು ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ಆಮೇಲೆ ಬುಡದಲ್ಲಿ ಗುಂಗುರು ಬೆಳೆದು ಬರುತ್ತದೆ, ನೇರ ಭಾಗ ಮತ್ತು ಗುಂಗುರು ಭಾಗ ಕೂಡುವ ಜಾಗ ಬಲಹೀನ, ಅಲ್ಲೇ ಪಟ್ ಅಂತ ಮುರಿಯುತ್ತದೆ. ಕೆರಾಟಿನ್ ಸ್ಮೂದನಿಂಗ್ ಅಂತ ಕರೆಯುವ ಕೆಲವದರಲ್ಲಿ ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮಾಡುವಾಗ ಕಣ್ಣು ಉರಿದು ನೀರು ಬಂದರೆ ಅಲ್ಲಿಂದ ಎದ್ದು ಬನ್ನಿ, ಮುಲಾಜು ನೋಡಬೇಡಿ.

ಯಾವಾಗಲೋ ಒಮ್ಮೆ ಆಸೆಗೆ ನೇರ ಮಾಡಿಕೊಳ್ಳುವುದಾದರೆ ಪೂರ್ತಿ ಒಣಗಿದ ಕೂದಲಿಗೆ, ಬಿಸಿಯಿಂದ ಕಾಪಾಡುವ ಸೀರಮ್ ಹಚ್ಚಿ, 180 ಡಿಗ್ರಿ ಸೆಲ್ಸಿಯಸ್ ಒಳಗೆ, ಒಂದು ಭಾಗಕ್ಕೆ ಒಂದೇ ಸಲ ಐರನ್ ಎಳೆಯಿರಿ. ಒದ್ದೆ ಕೂದಲಿಗೆ ಐರನ್ ಇಟ್ಟರೆ ಒಳಗಿನ ನೀರು ಕುದಿದು ಆವಿಯಾಗಿ ಕೂದಲೊಳಗೇ ಗುಳ್ಳೆ ಬೀಳುತ್ತದೆ. ಆ ಜಾಗ ಮತ್ತೆ ಸರಿಹೋಗುವುದಿಲ್ಲ, ಕತ್ತರಿಸಬೇಕು.

ಪ್ರಶ್ನೆ: ಹೆರಿಗೆಯಾಗಿ ನಾಲ್ಕು ತಿಂಗಳು. ಬಸುರಿಯಿದ್ದಾಗ ಇಷ್ಟು ದಟ್ಟ ಕೂದಲು ನನಗೆ ಯಾವತ್ತೂ ಇರಲಿಲ್ಲ. ಈಗ ಕೈ ಹಾಕಿದರೆ ಹಿಡಿ ಹಿಡಿ ಬರುತ್ತಿದೆ, ಎಲ್ಲದಕ್ಕೂ ಬಿಳಿ ಗುಬಟು ಇದೆ. ಬೋಳಾಗುತ್ತೇನೆ ಅಂತ ಭಯ.

ಉತ್ತರ: ಬೋಳಾಗುವುದಿಲ್ಲ. ಸಾಮಾನ್ಯವಾಗಿ ಹತ್ತರಲ್ಲಿ ಒಂಬತ್ತು ಕೂದಲು ಬೆಳೆಯುತ್ತಿರುತ್ತವೆ, ಒಂದು ವಿಶ್ರಾಂತಿಯಲ್ಲಿ ಇರುತ್ತದೆ. ಬಸುರಿಯಲ್ಲಿ ಹಾರ್ಮೋನಿನಿಂದಾಗಿ ಉದುರಬೇಕಾದ್ದೂ ಉದುರದೆ ಉಳಿಯುತ್ತದೆ. ಹೆರಿಗೆಯ ನಂತರ ಅವೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗಿ ಎರಡು ಮೂರು ತಿಂಗಳ ಮೇಲೆ ಒಟ್ಟಿಗೆ ಉದುರುತ್ತವೆ. ಜೋರು ಜ್ವರ, ಆಪರೇಷನ್, ಒಮ್ಮೆಲೇ ತೂಕ ಇಳಿಸುವುದು ಇವುಗಳ ನಂತರವೂ ಹೀಗೇ ಆಗುತ್ತದೆ. ಕಾರಣ ಮರೆತುಹೋದ ಮೇಲೆ ಉದುರಲು ಶುರುವಾಗುವುದರಿಂದ ಜನ ಆಗ ಬಳಸುತ್ತಿದ್ದ ಶಾಂಪೂವನ್ನು ಬೈಯುತ್ತಾರೆ. ಹೆಚ್ಚಿನವರಿಗೆ ಆರು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಮಗುವಿಗೆ ವರ್ಷ ತುಂಬಿದ ಮೇಲೂ ನಿಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಚೆನ್ನಾಗಿ ಊಟ ಮಾಡಿ, ಆದಷ್ಟು ನಿದ್ದೆ ಮಾಡಿ. ಉದುರುತ್ತದೆ ಅಂತ ತಲೆ ತೊಳೆಯುವುದನ್ನು ಮುಂದೂಡಬೇಡಿ, ಉದುರಬೇಕಾದ್ದು ಹೇಗೂ ಉದುರುತ್ತದೆ.

ಪ್ರಶ್ನೆ: ಮಲಗುವಾಗ ಏನಾದರೂ ಮಾಡಬೇಕಾ?

ಉತ್ತರ: ಹತ್ತಿ ದಿಂಬು ಕೂದಲನ್ನು ಉಜ್ಜುತ್ತದೆ, ಕೂದಲಿಗೆ ಹಚ್ಚಿದ್ದನ್ನೂ ಹೀರುತ್ತದೆ. ಸ್ಯಾಟಿನ್ ಅಥವಾ ರೇಷ್ಮೆಯ ದಿಂಬಿನ ಚೀಲ ಹಾಕಿ, ಇಲ್ಲದಿದ್ದರೆ ಅದೇ ಬಟ್ಟೆ ತಲೆಗೆ ಕಟ್ಟಿಕೊಳ್ಳಿ. ಕೂದಲನ್ನು ನೆತ್ತಿಯ ಮೇಲೆ ಸಡಿಲವಾಗಿ ಎತ್ತಿ ಕಟ್ಟಿ. ಒದ್ದೆ ಕೂದಲಲ್ಲಿ ಮಲಗಬೇಡಿ.

ಪ್ರಶ್ನೆ: ಮೇಡಂ, ನನ್ನ ಅಮ್ಮನಿಗೆ 48 ವರ್ಷ. ತುಂಬಾ ಬಿಗಿ ಸುರುಳಿ ಕೂದಲು. ನಡುನೆತ್ತಿಯಲ್ಲಿ ಒಂದು ಕಡೆ ತೆಳುವಾಗುತ್ತಾ ಸುತ್ತಲೂ ಹರಡುತ್ತಿದೆ. ಅಲ್ಲಿ ಉರಿ, ಚುಚ್ಚಿದ ಹಾಗೆ ನೋವು ಅನ್ನುತ್ತಾರೆ. ವಯಸ್ಸಾಯಿತು ಬಿಡು ಅಂತ ಸುಮ್ಮನಿದ್ದಾರೆ.

ಉತ್ತರ: ಸುಮ್ಮನಿರಬಾರದು. ವಯಸ್ಸಿನಿಂದ ಕೂದಲು ತೆಳುವಾದರೆ ಉರಿ ನೋವು ಇರುವುದಿಲ್ಲ. ನಡುನೆತ್ತಿಯಿಂದ ಶುರುವಾಗಿ ವೃತ್ತವಾಗಿ ಹರಡುವ ಒಂದು ಥರದ ಕಾಯಿಲೆ ಇದೆ, ಬಿಗಿ ಸುರುಳಿ ಕೂದಲಿನ ಹೆಂಗಸರಲ್ಲೇ ಅದು ಜಾಸ್ತಿ ಕಾಣುತ್ತದೆ, ಒಳಗೆ ಉರಿಯೂತ ಆಗಿ ಕೂದಲ ಬುಡ ಕಲೆಗಟ್ಟುತ್ತದೆ. ನಿಮ್ಮ ಅಮ್ಮನಿಗೆ ಅದೇ ಆಗಿದೆ ಅಂತ ಇಲ್ಲಿ ಕೂತು ನಾನು ಹೇಳಲಾರೆ, ಅದನ್ನು ಡಾಕ್ಟರೇ ನೋಡಬೇಕು. ಬೇಕಾದರೆ ನೆತ್ತಿಯ ಚೂರು ಚರ್ಮ ತೆಗೆದು ಪರೀಕ್ಷೆ ಮಾಡುತ್ತಾರೆ. ಚಿಕ್ಕದು, ಮರಗಟ್ಟಿಸಿಯೇ ಮಾಡುತ್ತಾರೆ. ಬುಡ ಮುಚ್ಚಿಹೋದ ಜಾಗದಲ್ಲಿ ಮತ್ತೆ ಕೂದಲು ಬರುವುದಿಲ್ಲ, ಆದರೆ ಹರಡುವುದನ್ನು ತಡೆಯಲು ಔಷಧ ಇದೆ. ಎಷ್ಟು ಬೇಗ ಹೋಗುತ್ತಾರೋ ಅಷ್ಟು ಕೂದಲು ಉಳಿಯುತ್ತದೆ. ಎಣ್ಣೆ, ಲೇಪ, ಬಿಗಿ ಜಡೆ, ಬಿಸಿ ಐರನ್ ಎಲ್ಲ ಸದ್ಯಕ್ಕೆ ನಿಲ್ಲಿಸಿ, ಈ ವಾರವೇ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೋಗುವಾಗ ಒಂದೆರಡು ವರ್ಷ ಹಿಂದಿನ, ನೆತ್ತಿ ಕಾಣುವ ಫೋಟೋ ಇದ್ದರೆ ತಗೊಂಡು ಹೋಗಿ. ಎಷ್ಟು ಬೇಗ ಹರಡುತ್ತಿದೆ ಅಂತ ಅವರಿಗೆ ಅದರಿಂದ ಗೊತ್ತಾಗುತ್ತದೆ.